ವಿಸ್ಕಾನ್ಸಿನ್: ಆಹಾರ ಪರಂಪರೆ ಮತ್ತು ಜನಜೀವನ

ವಿಸ್ಕಾನ್ಸಿನ್ ಆಹಾರ ಪರಂಪರೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಮಧ್ಯ-ಪಶ್ಚಿಮ ಭಾಗದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮೂಲನಿವಾಸಿಗಳ ಕಾಡು-ಕೆರೆಗಳ ಆಹಾರ, ಯೂರೋಪಿನ ವಲಸೆಗಾರರ ಅಡುಗೆ ಮತ್ತು 19ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೂರಿದ ಹೈನುಗಾರಿಕೆ ಈ ಮೂರೂ ಬೆರೆತು ಬೆಳೆದ ಊಟ, ತಿಂಡಿ, ಪಾನೀಯಗಳ ಹಾಗೂ ಅವುಗಳ ಸುತ್ತಲಿನ ಸಾಮಾಜಿಕ ರೂಢಿಗಳ ಸಮೂಹ. 1848ರ ಮೇ 29ರಂದು ಒಕ್ಕೂಟದ 30ನೆಯ ರಾಜ್ಯವಾದ ವಿಸ್ಕಾನ್ಸಿನ್‌ಗೆ ಪೂರ್ವದಲ್ಲಿ ಮಿಷಿಗನ್ ಸರೋವರ, ಉತ್ತರದಲ್ಲಿ ಸುಪೀರಿಯರ್ ಸರೋವರ, ಪಶ್ಚಿಮದಲ್ಲಿ ಮಿಸಿಸಿಪಿ ನದಿ ಗಡಿಯಾಗಿವೆ. ರಾಜಧಾನಿ ಮ್ಯಾಡಿಸನ್, ದೊಡ್ಡ ನಗರ ಮಿಲ್ವಾಕಿ. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 59 ಲಕ್ಷ. ಇಲ್ಲಿನ ವಾಹನಗಳ ನಂಬರ್ ಪ್ಲೇಟುಗಳಲ್ಲಿ 'ಅಮೆರಿಕಾಸ್ ಡೈರಿಲ್ಯಾಂಡ್' ಎಂಬ ಬಿರುದು 1940ರಿಂದ ಅಚ್ಚಾಗುತ್ತಿದೆ.

ಬೇಸಗೆ ಚಿಕ್ಕದು, ಚಳಿಗಾಲ ದೀರ್ಘ. ಹಿಮಯುಗದ ನೀರ್ಗಲ್ಲು ಸರಿದುಹೋದ ಬಹುಭಾಗದಲ್ಲಿ ಸಾವಿರಾರು ಕೆರೆಗಳಿವೆ. ನೀರ್ಗಲ್ಲು ಮುಟ್ಟದ ನೈಋತ್ಯದಲ್ಲಿ ಕಡಿದಾದ ಗುಡ್ಡಗಳೂ ಕಣಿವೆಗಳೂ ಇವೆ. ಇಂಥ ನೆಲಕ್ಕೆ ಧಾನ್ಯಕ್ಕಿಂತ ಹುಲ್ಲು ಹೊಂದುತ್ತದೆ, ಹುಲ್ಲಿಗೆ ಹಸು. ಆದರೆ ಹಾಲು ಬೇಗ ಕೆಡುವ ಸರಕು. ದೊಡ್ಡ ಪೇಟೆಗಳು ದೂರ. ಹಾಲನ್ನು ಬಾಳಿಕೆ ಬರುವ ರೂಪಕ್ಕೆ ತರುವ ಪ್ರಯತ್ನದಲ್ಲೇ ಈ ರಾಜ್ಯದ ಕಾರ್ಖಾನೆ, ಕಾನೂನು, ವಿಶ್ವವಿದ್ಯಾಲಯ ಮತ್ತು ಊಟದ ಮೇಜು ಈಗಿನ ಆಕಾರಕ್ಕೆ ಬಂದವು.

ಪರಿಭಾಷೆ

ಈ ಲೇಖನದಲ್ಲಿ 'ಚೀಸ್' ಎಂದರೆ ಹಾಲಿಗೆ ಹೆಪ್ಪಿನ ಬ್ಯಾಕ್ಟೀರಿಯಾ ಮತ್ತು ರೆನೆಟ್ ಎಂಬ ಕಿಣ್ವ ಸೇರಿಸಿ ಗಟ್ಟಿಗೊಳಿಸಿ, ನೀರು ಬಸಿದು, ಉಪ್ಪು ಹಾಕಿ ತಯಾರಿಸಿದ ಪದಾರ್ಥ. ಹುಳಿ ಹಿಂಡಿ ಹಾಲು ಒಡೆಸುವ ಪನೀರಿನಲ್ಲಿ ಈ ಕಿಣ್ವವಿಲ್ಲ. 'ಚೀಸ್ ಕರ್ಡ್' ಎಂದರೆ ಮೊಸರಲ್ಲ, ಅಚ್ಚಿಗೆ ಹಾಕಿ ಒತ್ತುವ ಮೊದಲು ಸಿಗುವ ಎಳೆಯ ಚೀಸಿನ ತುಣುಕು. ಗಟ್ಟಿ ಬೇರೆಯಾದ ಮೇಲೆ ಉಳಿಯುವ ತಿಳಿನೀರನ್ನು 'ವೇ' ಎಂದು ಕರೆಯಲಾಗಿದೆ. ರೆನೆಟ್ ಹಿಂದೆ ಎಳೆಗರುವಿನ ಜಠರದಿಂದ ಬರುತ್ತಿತ್ತು. ಇಂದು ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಪಡೆದ ಕಿಣ್ವ.

ಮೂಲನಿವಾಸಿಗಳ ಆಹಾರ

ರಾಜ್ಯದಲ್ಲಿ ಕೇಂದ್ರ ಸರ್ಕಾರದ ಮಾನ್ಯತೆ ಪಡೆದ 11 ಮೂಲನಿವಾಸಿ ಸಮುದಾಯಗಳಿವೆ. ಮೆನಾಮಿನಿ, ಹೋ-ಚಂಕ್, ಪೊಟವಾಟಮಿ, ಒನೈಡಾ ಹಾಗೂ ಒಜಿಬ್ವೆ ಜನರ ಹಲವು ತಂಡಗಳು ಇವುಗಳಲ್ಲಿ ಸೇರಿವೆ. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ, ಜಿಂಕೆ ಮಾಂಸ, ಸರೋವರದ ಮೀನು ಇವರ ಆಹಾರ. ಇವೆಲ್ಲಕ್ಕಿಂತ ಮಿಗಿಲಾದುದು ಒಜಿಬ್ವೆ ಭಾಷೆಯಲ್ಲಿ 'ಮನೋಮಿನ್' ಎನ್ನುವ ಕಾಡು ಅಕ್ಕಿ. ಮೆನಾಮಿನಿ ಜನರಿಗೆ ಆ ಹೆಸರು ಬಂದದ್ದೂ ಇದರಿಂದಲೇ. ಇದು ನಮ್ಮ ಭತ್ತದ ಕುಲಕ್ಕೆ ಸೇರಿದ್ದಲ್ಲ. ಆಳವಿಲ್ಲದ ಕೆರೆಗಳಲ್ಲೂ ನಿಧಾನವಾಗಿ ಹರಿಯುವ ಹೊಳೆಗಳಲ್ಲೂ ತಾನಾಗಿ ಬೆಳೆಯುವ ಜೈಜೇನಿಯ ಕುಲದ ಹುಲ್ಲು.

ಕೊಯ್ಲು ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರಿನಲ್ಲಿ. ದೋಣಿಯಲ್ಲಿ ಇಬ್ಬರು ಹೋಗುತ್ತಾರೆ. ಒಬ್ಬರು ಉದ್ದನೆಯ ಗಳದಿಂದ ದೋಣಿ ನೂಕುತ್ತಾರೆ. ಇನ್ನೊಬ್ಬರು ಎರಡು ಹಗುರ ಕೋಲು ಹಿಡಿದು, ಒಂದರಿಂದ ತೆನೆಗಳನ್ನು ದೋಣಿಯ ಮೇಲೆ ಬಾಗಿಸಿ ಇನ್ನೊಂದರಿಂದ ಮೆಲ್ಲನೆ ತಟ್ಟುತ್ತಾರೆ. ಮಾಗಿದ ಕಾಳು ಮಾತ್ರ ಉದುರುತ್ತದೆ. ನೀರಿಗೆ ಬಿದ್ದದ್ದು ಮುಂದಿನ ವರ್ಷದ ಬಿತ್ತನೆ. ತಂದ ಕಾಳನ್ನು ಒಣಗಿಸಿ, ಬಾಣಲೆಯಲ್ಲಿ ಹುರಿದು, ಮೆದು ಪಾದರಕ್ಷೆ ತೊಟ್ಟು ತುಳಿದು ಸಿಪ್ಪೆ ಬಿಡಿಸಿ, ಬರ್ಚ್ ಮರದ ತೊಗಟೆಯ ಮೊರದಲ್ಲಿ ಕೇರುತ್ತಾರೆ. ಸುಪೀರಿಯರ್ ಸರೋವರದ ದಡದಲ್ಲಿ ಬ್ಯಾಡ್ ರಿವರ್ ಸಮುದಾಯದ ಕಕಾಗನ್ ಜೌಗುಪ್ರದೇಶ ಇದರ ಮುಖ್ಯ ನೆಲೆ. ಅದು 2012ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ವಸಂತದ ಆರಂಭದಲ್ಲಿ ಮೇಪಲ್ ಮರದ ರಸ ಇಳಿಸಿ ಕಾಸುವ ವಿದ್ಯೆಯನ್ನೂ ಬಿಳಿಯರು ಇವರಿಂದ ಕಲಿತರು. ರಾತ್ರಿ ಹಿಮಗಟ್ಟಿ ಹಗಲು ಕರಗುವ ಕೆಲವೇ ವಾರ ರಸ ಇಳಿಯುತ್ತದೆ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು.

ಗೋಧಿಯಿಂದ ಹಾಲಿಗೆ

ವಲಸೆಗಾರರು ಮೊದಲು ಬೆಳೆದದ್ದು ಗೋಧಿ. 1860ರ ಸುಮಾರಿಗೆ ವಿಸ್ಕಾನ್ಸಿನ್ ದೇಶದ ಮುಂಚೂಣಿಯ ಗೋಧಿ ರಾಜ್ಯಗಳಲ್ಲೊಂದಾಗಿತ್ತು. ವರ್ಷ ಬಿಡದೆ ಗೋಧಿಯನ್ನೇ ಬಿತ್ತಿ ನೆಲ ಸವೆಯಿತು, ಚಿಂಚ್ ಎಂಬ ತಿಗಣೆ ಬೆಳೆ ತಿಂದಿತು, ಪಶ್ಚಿಮದ ಹೊಸ ಭೂಮಿಯಿಂದ ಅಗ್ಗದ ಗೋಧಿ ಬರತೊಡಗಿತು. ನ್ಯೂಯಾರ್ಕ್ ರಾಜ್ಯದಿಂದ ಬಂದು ನೆಲೆಸಿದ್ದ ಕೆಲವರಿಗೆ ಚೀಸ್ ಮಾಡುವುದು ಗೊತ್ತಿತ್ತು. ಆನ್ ಪಿಕೆಟ್ ಎಂಬಾಕೆ 1841ರಲ್ಲಿ ನೆರೆಯವರ ಹಸುಗಳ ಹಾಲನ್ನೂ ಕೂಡಿಸಿಕೊಂಡು ತನ್ನ ಅಡುಗೆಮನೆಯಲ್ಲಿ ಚೀಸ್ ತಯಾರಿಸಿದಳು. ಚೆಸ್ಟರ್ ಹೇಜನ್ 1864ರಲ್ಲಿ ಲಡೋಗಾದಲ್ಲಿ ಕಾರ್ಖಾನೆ ತೆರೆದ.

ಈ ಬದಲಾವಣೆಯ ಮುಖ್ಯ ಪ್ರಚಾರಕ ವಿಲಿಯಂ ಡೆಂಪ್‌ಸ್ಟರ್ ಹೋರ್ಡ್. 1872ರಲ್ಲಿ ಹೈನುಗಾರರ ಸಂಘ ಕಟ್ಟಿದವರಲ್ಲಿ ಈತ ಒಬ್ಬ. ಪೂರ್ವದ ಪೇಟೆಗಳಿಗೆ ಚೀಸ್ ಸಾಗಿಸಲು ರೈಲು ಬಾಡಿಗೆ ಇಳಿಸುವಂತೆ ಹೋರಾಡಿದ. 1885ರಲ್ಲಿ 'ಹೋರ್ಡ್ಸ್ ಡೈರಿಮನ್' ಪತ್ರಿಕೆ ಆರಂಭಿಸಿದ. 1889ರಿಂದ 1891ರವರೆಗೆ ರಾಜ್ಯಪಾಲನಾಗಿದ್ದ. ಹಾಲಿಗೂ ಮಾಂಸಕ್ಕೂ ಒಂದೇ ಹಸು ಸಾಲದು, ಹಾಲಿಗೆಂದೇ ತಳಿ ಬೇಕು ಎಂಬುದು ಇವನ ವಾದ. ಈ ವಾದದ ಫಲವನ್ನು ಇಂದಿನ ಕೊಟ್ಟಿಗೆಗಳಲ್ಲಿ ನೋಡಬಹುದು: ಬಹುಪಾಲು ಹಸುಗಳು ಕಪ್ಪು-ಬಿಳುಪಿನ ಹೋಲ್‌ಸ್ಟೀನ್, ಕರ್ನಾಟಕದ ರೈತರು ಎಚ್.ಎಫ್. ಎನ್ನುವ ತಳಿ. ಚಳಿಗಾಲದಲ್ಲೂ ಹಾಲು ಬತ್ತದಂತೆ ಮಾಡಿದ್ದು ಸೈಲೇಜ್, ಅಂದರೆ ಹಸಿ ಮೆಕ್ಕೆಜೋಳದ ದಂಟನ್ನು ಕತ್ತರಿಸಿ ಗಾಳಿಯಾಡದಂತೆ ತುಂಬಿ ಹುಳಿಸಿದ ಮೇವು. ಮೂಲೆಗಳಲ್ಲಿ ಮೇವು ಕೊಳೆಯುತ್ತಿದ್ದ ಚೌಕ ಕಣಜದ ಬದಲು ದುಂಡು ಕಣಜವನ್ನು ಪ್ರಚಾರಕ್ಕೆ ತಂದವನು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಫ್. ಎಚ್. ಕಿಂಗ್. ಕೆಂಪು ಕೊಟ್ಟಿಗೆಯ ಪಕ್ಕ ನಿಂತ ಈ ಎತ್ತರದ ಕಣಜ ರಾಜ್ಯದ ಗ್ರಾಮಾಂತರದ ಗುರುತಾಗಿದೆ.

ಮ್ಯಾಡಿಸನ್ನಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅತ್ಯಂತ ದೊಡ್ಡ ಕೊಡುಗೆ 1890ರಲ್ಲಿ ಸ್ಟೀಫನ್ ಬಾಬ್‌ಕಾಕ್ ಪ್ರಕಟಿಸಿದ ಕೊಬ್ಬಿನ ಪರೀಕ್ಷೆ. ಅಲ್ಲಿಯವರೆಗೆ ಹಾಲಿಗೆ ತೂಕದ ಮೇಲೆ ಹಣ ಸಿಗುತ್ತಿತ್ತು. ಹಾಗಾಗಿ ನೀರು ಬೆರೆಸಿದವನಿಗೂ ಕೆನೆ ತೆಗೆದವನಿಗೂ ಲಾಭ. ಬಾಬ್‌ಕಾಕ್ ಕ್ರಮದಲ್ಲಿ ಉದ್ದ ಕತ್ತಿನ ಬಾಟಲಿಗೆ ಅಳೆದ ಹಾಲು ಹಾಕಿ ಅಷ್ಟೇ ಪ್ರಮಾಣದ ಗಂಧಕಾಮ್ಲ ಸುರಿಯುತ್ತಾರೆ. ಆಮ್ಲ ಕೊಬ್ಬನ್ನುಳಿದು ಮಿಕ್ಕೆಲ್ಲವನ್ನೂ ಕರಗಿಸುತ್ತದೆ. ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿ ಬಿಸಿನೀರು ಸೇರಿಸಿದಾಗ ಹಳದಿ ಕೊಬ್ಬು ಬಾಟಲಿಯ ಕತ್ತಿಗೇರುತ್ತದೆ. ಅಲ್ಲಿನ ಗೆರೆಗಳ ಮೇಲೆ ಶೇಕಡಾ ಪ್ರಮಾಣ ಓದಿಕೊಳ್ಳಬಹುದು. ಇದಕ್ಕೆ ಆತ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಉಪಕರಣ ಬದಲಾಗಿದ್ದರೂ, ಕರ್ನಾಟಕದ ಹಳ್ಳಿಯ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡಿ ದರ ಕಟ್ಟುವುದರ ಹಿಂದಿನ ತತ್ವವೂ ಇದೇ. ಅದೇ ಸಂಸ್ಥೆಯಲ್ಲಿ 1913ರಲ್ಲಿ ಎಲ್ಮರ್ ಮೆಕಾಲಂ ಬೆಣ್ಣೆಯ ಕೊಬ್ಬಿನಲ್ಲಿ ಈಗ ಎ ಜೀವಸತ್ವ ಎನ್ನುವ ಅಂಶವನ್ನು ಗುರುತಿಸಿದ. 1920ರ ದಶಕದಲ್ಲಿ ಹ್ಯಾರಿ ಸ್ಟೀನ್‌ಬಾಕ್ ನೇರಳಾತೀತ ಕಿರಣದಿಂದ ಆಹಾರದಲ್ಲಿ ಡಿ ಜೀವಸತ್ವ ಹೆಚ್ಚಿಸುವ ವಿಧಾನ ಕಂಡುಹಿಡಿದ.

ಭಾರತೀಯರಿಗೆ ಚಿರಪರಿಚಿತವಾದ ಹಾರ್ಲಿಕ್ಸ್‌ನ ತವರು ಕೂಡ ಈ ರಾಜ್ಯವೇ. ಇಂಗ್ಲೆಂಡಿನಿಂದ ಬಂದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸೋದರರು 1873ರಲ್ಲಿ ಶಿಕಾಗೋದಲ್ಲಿ ತೆರೆದ ಉದ್ಯಮವನ್ನು 1876ರಲ್ಲಿ ರಸೀನ್ ಪಟ್ಟಣಕ್ಕೆ ತಂದರು; ಮಾಲ್ಟ್ ಬೆರೆತ ಹಾಲಿನ ಪುಡಿಗೆ 1883ರಲ್ಲಿ ಪೇಟೆಂಟ್ ಪಡೆದರು. ಕೂಸುಗಳಿಗೂ ರೋಗಿಗಳಿಗೂ ಎಂದು ತಯಾರಾದ ಈ ಪುಡಿ ಅಮೆರಿಕದಲ್ಲಿ ಮುಂದೆ ಐಸ್‌ಕ್ರೀಮಿನೊಡನೆ ಕಡೆದು ಕುಡಿಯುವ 'ಮಾಲ್ಟ್' ಆಯಿತು. ಕಾಯಿಲೆಯವರ ಮಂಚದ ಪಕ್ಕದ ಸ್ಥಾನ ಅದಕ್ಕೆ ಭದ್ರವಾಗಿ ಉಳಿದದ್ದು ನಮ್ಮಲ್ಲಿ.

ವಿಸ್ಕಾನ್ಸಿನ್ 1910ರಲ್ಲಿ ಚೀಸಿನಲ್ಲಿ, 1915ರಲ್ಲಿ ಹಾಲಿನಲ್ಲಿ ನ್ಯೂಯಾರ್ಕನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು. ಕುದುರೆಗಾಡಿ ಹೋಗಿ ಬರುವಷ್ಟು ದೂರಕ್ಕೊಂದರಂತೆ, 1920ರ ದಶಕದ ಆರಂಭಕ್ಕೆ ಸುಮಾರು 2,800 ಚೀಸ್ ಕಾರ್ಖಾನೆಗಳಿದ್ದವು. 1933ರ ಆರ್ಥಿಕ ಕುಸಿತದಲ್ಲಿ ಹಾಲಿನ ದರ ಬಿದ್ದಾಗ ರೈತರು ಮೂರು ಬಾರಿ ಮುಷ್ಕರ ಹೂಡಿ ಹಾಲನ್ನು ರಸ್ತೆಗೆ ಚೆಲ್ಲಿದರು. ಸರ್ಕಾರ ಸಶಸ್ತ್ರ ಪಡೆ ಕರೆಸಿತು.

ಚೀಸ್: ತಯಾರಿಕೆ ಮತ್ತು ಬಗೆಗಳು

ರಾಜ್ಯದ ಹಾಲಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಚೀಸ್ ಆಗುತ್ತದೆ. ಉದ್ದನೆಯ ತೊಟ್ಟಿಯಲ್ಲಿ ಹಾಲು ಬೆಚ್ಚಗಾದ ಮೇಲೆ ಹೆಪ್ಪು, ರೆನೆಟ್ ಬೀಳುತ್ತವೆ. ಅರ್ಧ ತಾಸಿನ ಆಸುಪಾಸಿನಲ್ಲಿ ಹಾಲು ಅಲುಗದ ಗಟ್ಟಿಯಾಗುತ್ತದೆ. ಅದನ್ನು ತಂತಿ ಕಟ್ಟಿದ ಚೌಕಟ್ಟಿನಿಂದ ಸಣ್ಣ ಘನಗಳಾಗಿ ಕತ್ತರಿಸಿ, ಕೈಯಾಡಿಸುತ್ತ ಶಾಖ ಏರಿಸಿದರೆ ವೇ ಹೊರಬರುತ್ತದೆ. ವೇ ಬಸಿದ ಗಟ್ಟಿಯನ್ನು ಹಲಗೆಗಳಂತೆ ಕೊಯ್ದು, ಒಂದರ ಮೇಲೊಂದು ಪೇರಿಸಿ, ಆಗಾಗ ಮಗುಚಿ ಹಾಕಿ, ಮತ್ತೆ ಚೂರು ಮಾಡಿ ಉಪ್ಪು ಬೆರೆಸಿ ಅಚ್ಚಿಗೆ ಒತ್ತಿದರೆ ಚೆಡರ್. ಉಪ್ಪು ಬೆರೆಸಿ ಒತ್ತದೆ ಬಿಟ್ಟರೆ ಚೀಸ್ ಕರ್ಡ್.

ಹೊಸ ಕರ್ಡ್ ಹಲ್ಲಿಗೆ ತಗುಲಿದರೆ ಕಿರ್ರೆನ್ನುತ್ತದೆ. ಸ್ಥಳೀಯರು ತಾಜಾತನ ಅಳೆಯುವುದು ಈ ಸದ್ದಿನಿಂದ. ಕ್ಯಾಲ್ಸಿಯಂ ಬೆಸುಗೆಯಿಂದ ಬಿಗಿಯಾಗಿ ಹೆಣೆದ ಪ್ರೋಟೀನ್ ಎಳೆಗಳು ಹಲ್ಲಿಗೆ ಉಜ್ಜುವುದು ಕಾರಣ. ಒಂದೆರಡು ದಿನದಲ್ಲಿ ಹುಳಿ ಏರಿ ಈ ಬೆಸುಗೆ ಸಡಿಲಗೊಂಡು ಸದ್ದು ನಿಲ್ಲುತ್ತದೆ, ರುಚಿ ಮಾತ್ರ ಕೆಡುವುದಿಲ್ಲ. ಆದ್ದರಿಂದ ಕರ್ಡ್ ದೂರದೂರಿಗೆ ಸಾಗುವ ಸರಕಲ್ಲ. ಹಿಟ್ಟಿನಲ್ಲಿ ಅದ್ದಿ ಕರಿದ ಕರ್ಡ್, ನೋಡಲು ನಮ್ಮ ಬಜ್ಜಿಯ ಹಾಗಿರುವುದು, ರಾಜ್ಯದ ಬಾರು ಮತ್ತು ಜಾತ್ರೆಗಳ ಸಾಮಾನ್ಯ ತಿಂಡಿ.

ಇಲ್ಲೇ ಹುಟ್ಟಿದ ಚೀಸುಗಳಲ್ಲಿ ಎರಡು ಪ್ರಸಿದ್ಧ. ಕೋಲ್ಬಿ ಪಟ್ಟಣದ ಬಳಿ 1885ರಲ್ಲಿ ಜೋಸೆಫ್ ಸ್ಟೈನ್‌ವಾಂಡ್ ರೂಪಿಸಿದ 'ಕೋಲ್ಬಿ'ಯಲ್ಲಿ ಗಟ್ಟಿಯನ್ನು ತಣ್ಣೀರಿನಲ್ಲಿ ತೊಳೆಯುತ್ತಾರೆ. ಹುಳಿ ಕಡಿಮೆಯಾಗಿ ಚೀಸ್ ಮೆದುವೂ ತೇವವೂ ಆಗುತ್ತದೆ. ಸ್ವಿಸ್ ಮೂಲದ ಜಾನ್ ಜೋಸಿ 1877ರ ಸುಮಾರಿಗೆ ರೂಪಿಸಿದ 'ಬ್ರಿಕ್' ಚೀಸನ್ನು ಮೊದಮೊದಲು ನಿಜವಾದ ಇಟ್ಟಿಗೆ ಹೇರಿಯೇ ಒತ್ತುತ್ತಿದ್ದರು. ಉಳಿದಂತೆ ಚೆಡರ್, ಮೊಜರೆಲ್ಲಾ, ಸ್ವಿಸ್, ಗೌಡ, ನೀಲಿ ಚೀಸುಗಳು ಧಾರಾಳ. ಫಿನ್ನಿಷರಿಂದ ಬಂದ 'ಯೂಸ್ಟೊಲೈಪಾ' ಎಂಬ ಸುಟ್ಟ ಚೀಸ್ ಪನೀರಿನಂತೆ ಬೆಂಕಿಗೆ ಕರಗುವುದಿಲ್ಲ. ಗ್ರೀನ್ ಕೌಂಟಿಯ ಮನ್ರೋ ಪಟ್ಟಣದ ಸಹಕಾರಿ ಕಾರ್ಖಾನೆಯೊಂದು ಬಹುಕಾಲದಿಂದ ಅಮೆರಿಕದ ಏಕೈಕ ಲಿಂಬರ್ಗರ್ ತಯಾರಕ. ಹೊರಮೈಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ ಇದಕ್ಕೆ ಬೆವರಿದ ಕಾಲಿನ ನಾತ ಬರುತ್ತದೆ. ರೈ ಬ್ರೆಡ್, ಹಸಿ ಈರುಳ್ಳಿ, ಸಾಸಿವೆಯೊಡನೆ ತಿನ್ನುತ್ತಾರೆ. ಈ ರುಚಿ ಹಿರಿಯ ತಲೆಮಾರಿಗೇ ಹೆಚ್ಚು ಒಗ್ಗಿದ್ದು.

ಚೀಸ್ ತಯಾರಕರಿಗೆ ಪರವಾನಗಿ ಕಡ್ಡಾಯ ಮಾಡಿರುವ ಅಮೆರಿಕದ ಏಕೈಕ ರಾಜ್ಯ ಇದು. 1994ರಲ್ಲಿ ಆರಂಭವಾದ 'ಮಾಸ್ಟರ್ ಚೀಸ್‌ಮೇಕರ್' ಪದವಿಗೆ ಅರ್ಜಿ ಹಾಕಲು ಪರವಾನಗಿ ಪಡೆದು ಹತ್ತು ವರ್ಷ ದುಡಿದಿರಬೇಕು. ಹಾಲು ರಾಜ್ಯದ ಅಧಿಕೃತ ಪಾನೀಯ, ಹೈನು ಹಸು ಅಧಿಕೃತ ಸಾಕುಪ್ರಾಣಿ. ಹಾಲು ಹುಳಿಸುವ ಬ್ಯಾಕ್ಟೀರಿಯಾ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸನ್ನು ಅಧಿಕೃತ ಸೂಕ್ಷ್ಮಜೀವಿ ಮಾಡುವ ಮಸೂದೆಗೆ 2010ರಲ್ಲಿ ಕೆಳಮನೆ ಒಪ್ಪಿತಾದರೂ ಮೇಲ್ಮನೆಯಲ್ಲಿ ಅದು ದಡ ಸೇರಲಿಲ್ಲ.

ಬೆಣ್ಣೆ ಮತ್ತು ಮಾರ್ಗರೀನ್ ಕಾನೂನು

ಕೊಬ್ಬು ಮತ್ತು ಎಣ್ಣೆಯಿಂದ ಮಾಡುವ ಮಾರ್ಗರೀನ್ ಸಹಜವಾಗಿ ಬಿಳಿ. ಹಳದಿ ಬಣ್ಣ ಕೊಟ್ಟು ಬೆಣ್ಣೆಯಂತೆ ಮಾರುವುದನ್ನು ವಿಸ್ಕಾನ್ಸಿನ್ 1895ರಲ್ಲಿ ನಿಷೇಧಿಸಿತು. ನಿಷೇಧ ತೆರವಾದದ್ದು 1967ರಲ್ಲಿ. ಅಷ್ಟೂ ಕಾಲ ಗಡಿಯಾಚೆಯ ಇಲಿನಾಯ್‌ಗೆ ಕಾರಿನಲ್ಲಿ ಹೋಗಿ ಹಳದಿ ಮಾರ್ಗರೀನ್ ಹೇರಿಕೊಂಡು ಬರುವ ಕುಟುಂಬಗಳಿದ್ದವು. ಗಿರಾಕಿ ಕೇಳದ ಹೊರತು ಹೋಟೆಲಿನಲ್ಲಿ ಬೆಣ್ಣೆಯ ಬದಲು ಮಾರ್ಗರೀನ್ ಬಡಿಸಬಾರದೆಂಬ ಕಟ್ಟಳೆ ಈಗಲೂ ಕಾನೂನು ಪುಸ್ತಕದಲ್ಲಿದೆ. ಕಾವಲಿಯಲ್ಲಿ ಬೆಂದ ಮಾಂಸದ ಬಿಲ್ಲೆಯ ಮೇಲೆ ಬೆಣ್ಣೆಯ ದೊಡ್ಡ ಮುದ್ದೆ ಇಟ್ಟು ಕೊಡುವ 'ಬಟರ್ ಬರ್ಗರ್' ಮಿಲ್ವಾಕಿ ಕಡೆಯ ಪದ್ಧತಿ.

ವಲಸೆಗಾರರ ಅಡುಗೆ

ಜರ್ಮನರು ಸಂಖ್ಯೆಯಲ್ಲೂ ಪ್ರಭಾವದಲ್ಲೂ ಮೊದಲಿಗರು. ಬಿಯರ್, ಸಾಸೇಜು, ಹುಳಿಸಿದ ಎಲೆಕೋಸು, ರೈ ಬ್ರೆಡ್ ಇವರ ದೇಣಿಗೆ. ಕೆರೆಯ ಮಂಜುಗಡ್ಡೆ, ಬಾರ್ಲಿ ಮತ್ತು ಹತ್ತಿರದ ಶಿಕಾಗೋ ಪೇಟೆ ಸಿಕ್ಕಿ, 1844ರಲ್ಲಿ ಆರಂಭವಾಗಿ ಮುಂದೆ ಪಾಬ್ಸ್ಟ್ ಆದ ಕಂಪನಿ, ಶ್ಲಿಟ್ಸ್, ಬ್ಲಾಟ್ಸ್, 1855ರ ಮಿಲ್ಲರ್ ಇವುಗಳಿಂದ ಮಿಲ್ವಾಕಿ ಬಿಯರ್ ನಗರವಾಯಿತು. ಹಂದಿ ಮಾಂಸದ 'ಬ್ರಾಟ್' ಸಾಸೇಜಿಗೆ ಶಬಾಯ್ಗನ್ ಪಟ್ಟಣ ಹೆಸರುವಾಸಿ. ಅಲ್ಲಿ ಇದ್ದಿಲ ಕೆಂಡದ ಮೇಲೆ ನಿಧಾನವಾಗಿ ಸುಟ್ಟು, ಗಟ್ಟಿ ಹೊರಪದರದ ದುಂಡು ಬನ್ನಿನಲ್ಲಿ ಎರಡೆರಡು ಇಟ್ಟು ತಿನ್ನುವುದು ರೂಢಿ. ಬೇರೆ ಕಡೆ ಬಿಯರ್ ಮತ್ತು ಈರುಳ್ಳಿಯಲ್ಲಿ ಕುದಿಸುವುದೂ ಇದೆ. ಶಾಲೆಗೋ ಅಗ್ನಿಶಾಮಕ ದಳಕ್ಕೋ ಹಣ ಕೂಡಿಸಬೇಕಾದರೆ ಅಂಗಡಿಯೆದುರು ಒಲೆ ಹೂಡಿ ಬ್ರಾಟ್ ಮಾರುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಹಸಿ ದನದ ಮಾಂಸದ ಕೈಮವನ್ನು ರೈ ಬ್ರೆಡ್ಡಿನ ಮೇಲೆ ಈರುಳ್ಳಿಯೊಡನೆ ತಿನ್ನುವ ಮಿಲ್ವಾಕಿಯ ಹಳೆಯ ಚಾಳಿಯ ವಿರುದ್ಧ ಆರೋಗ್ಯ ಇಲಾಖೆ ಎಚ್ಚರಿಕೆ ಕೊಡುತ್ತಲೇ ಬಂದಿದೆ.

ಸ್ವಿಟ್ಜರ್ಲೆಂಡಿನ ಗ್ಲಾರಸ್ ಪ್ರಾಂತದವರು 1845ರಲ್ಲಿ ನ್ಯೂ ಗ್ಲಾರಸ್ ಕಟ್ಟಿದರು. ಗ್ರೀನ್ ಕೌಂಟಿಯ ಸ್ವಿಸ್ ಚೀಸಿಗೆ ಮೂಲ ಇವರು. ಇದಕ್ಕೂ ಮೊದಲು, ಸೀಸದ ಗಣಿಗಳಿದ್ದ ನೈಋತ್ಯದ ಮಿನರಲ್ ಪಾಯಿಂಟ್‌ಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರು ತಂದ 'ಪಾಸ್ಟಿ', ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಬೇಯಿಸಿದ ದೊಡ್ಡ ಕಡುಬು, ಈಗಲೂ ಸಿಗುತ್ತದೆ. ನಾರ್ವೆಯವರು ಆಲೂಗಡ್ಡೆಯ ತೆಳು ರೊಟ್ಟಿ 'ಲೆಫ್ಸೆ'ಯನ್ನೂ, ಒಣಮೀನನ್ನು ಕ್ಷಾರದಲ್ಲಿ ನೆನೆಸಿ ಬೇಯಿಸುವ 'ಲೂಟೆಫಿಸ್ಕ್'ಅನ್ನೂ ತಂದರು. ಶರತ್ಕಾಲದಲ್ಲಿ ಲೂಥರನ್ ಚರ್ಚುಗಳು ಇದರ ಊಟ ಹಾಕುತ್ತವೆ. ಗ್ರೀನ್ ಬೇ ಸುತ್ತಣ ಬೆಲ್ಜಿಯನ್ನರ 'ಬೂಯಾ' ಕೋಳಿ, ದನದ ಮಾಂಸ, ತರಕಾರಿಗಳನ್ನು ಹಂಡೆಗಟ್ಟಲೆ ತಾಸುಗಟ್ಟಲೆ ಕುದಿಸಿದ ಸಾರು; ಮನೆಯ ಪಾತ್ರೆಯಲ್ಲಿ ಮಾಡುವುದಲ್ಲ, ಚರ್ಚಿನ ಅಂಗಳದಲ್ಲಿ ಊರಿಗೆಲ್ಲ ಮಾಡುವುದು. ವಿಯೆಟ್ನಾಂ ಯುದ್ಧಾನಂತರ, 1975ರಿಂದೀಚೆಗೆ, ಲಾವೋಸಿನಿಂದ ಬಂದ ಮೋಂಗ್ ಜನ ವಾಸಾ, ಮಿಲ್ವಾಕಿ, ಶಬಾಯ್ಗನ್‌ಗಳಲ್ಲಿ ನೆಲೆಸಿದರು. ಪರಂಗಿಕಾಯಿಯ ಕೋಸಂಬರಿಯಂಥ ಖಾರದ ತಿನಿಸು, ನಿಂಬೆಹುಲ್ಲು, ಏಷ್ಯದ ಸೊಪ್ಪು-ತರಕಾರಿ ಈ ರಾಜ್ಯದ ರೈತರ ಸಂತೆಗಳಿಗೆ ಬಂದದ್ದು ಹೆಚ್ಚಾಗಿ ಇವರಿಂದ. ಮ್ಯಾಡಿಸನ್ನಿನ ಶಾಸನಸಭಾ ಭವನದ ಸುತ್ತ 1972ರಿಂದ ನಡೆಯುವ ಶನಿವಾರದ ಸಂತೆಯಲ್ಲಿ ಬೆಳೆದವರೇ ಮಾರಬೇಕೆಂಬ ನಿಯಮವಿದೆ.

ಶುಕ್ರವಾರದ ಮೀನು, ಸಪ್ಪರ್ ಕ್ಲಬ್ ಮತ್ತು ಬಾರು

ಶುಕ್ರವಾರ ಸಂಜೆ ಬಾರು, ಹೋಟೆಲು, ಚರ್ಚಿನ ನೆಲಮಾಳಿಗೆ ಎಲ್ಲೆಲ್ಲೂ ಕರಿದ ಮೀನಿನ ಊಟ ನಡೆಯುತ್ತದೆ. ಶುಕ್ರವಾರ ಮಾಂಸ ವರ್ಜಿಸುತ್ತಿದ್ದ ಕ್ಯಾಥೊಲಿಕ್ ವ್ರತ ಇದರ ಒಂದು ಬೇರು. 1920ರಿಂದ 1933ರವರೆಗಿನ ಪಾನನಿಷೇಧ ಇನ್ನೊಂದು. ಮದ್ಯ ಮಾರಲಾಗದ ಅಂಗಡಿಗಳು ಸರೋವರದ ಅಗ್ಗದ ಮೀನು ಕರಿದು ಗಿರಾಕಿಗಳನ್ನು ಉಳಿಸಿಕೊಂಡವು. ಬಿಯರ್ ಬೆರೆಸಿದ ಹಿಟ್ಟಿನಲ್ಲಿ ಕರಿದ ಪರ್ಚ್, ವಾಲೈ ಅಥವಾ ಕಾಡ್ ಮೀನು, ಎಲೆಕೋಸಿನ ಹಸಿ ಪಲ್ಯ, ರೈ ಬ್ರೆಡ್, ಆಲೂಗಡ್ಡೆಯ ದೋಸೆ ಅಥವಾ ಫ್ರೈಸ್ ಇರುವುದು ಕ್ರಮ. ಮಿಷಿಗನ್ ಸರೋವರದ ಪರ್ಚ್ ಸಂತತಿ 1990ರ ದಶಕದಲ್ಲಿ ಕುಸಿದ ಮೇಲೆ ಮೀನು ಹೊರಗಿನಿಂದಲೇ ಹೆಚ್ಚು ಬರುತ್ತದೆ. ಶುಕ್ರವಾರದ ಗದ್ದಲ ಕಡಿಮೆಯಾಗಿಲ್ಲ.

ಡೋರ್ ಕೌಂಟಿ ಎಂಬ ಪರ್ಯಾಯದ್ವೀಪದಲ್ಲಿ ಮೀನು ಕರಿಯುವುದಿಲ್ಲ, ಕುದಿಸುತ್ತಾರೆ. ಬಯಲಲ್ಲಿ ಸೌದೆ ಉರಿಯ ಮೇಲೆ ಹಂಡೆಯಿಟ್ಟು ಧಾರಾಳ ಉಪ್ಪಿನ ನೀರಿನಲ್ಲಿ ಆಲೂಗಡ್ಡೆ, ಈರುಳ್ಳಿ, ಕೊನೆಗೆ ವೈಟ್‌ಫಿಶ್ ತುಂಡು ಬೇಯಿಸುತ್ತಾರೆ. ಮೀನಿನ ಎಣ್ಣೆ ನೊರೆಯಾಗಿ ಮೇಲೆ ತೇಲಿದಾಗ ಅಡುಗೆಯವನು ಬೆಂಕಿಗೆ ಸೀಮೆಎಣ್ಣೆ ಎರಚುತ್ತಾನೆ. ಜ್ವಾಲೆ ಭಗ್ಗನೆದ್ದು ನೀರು ಉಕ್ಕಿ ನೊರೆಯೆಲ್ಲ ಹೊರಚೆಲ್ಲುತ್ತದೆ. ಕರಗಿಸಿದ ಬೆಣ್ಣೆಯೊಡನೆ ಬಡಿಸಿ, ಹುಳಿ ಚೆರ್ರಿ ಪೈಯಿಂದ ಊಟ ಮುಗಿಸುತ್ತಾರೆ. ಸ್ಕ್ಯಾಂಡಿನೇವಿಯ ಮೂಲದ ಮೀನುಗಾರರ ಈ ಅಡುಗೆ 1960ರ ದಶಕದಿಂದ ಪ್ರವಾಸಿಗರ ನೋಟವೂ ಆಗಿದೆ.

'ಸಪ್ಪರ್ ಕ್ಲಬ್' ಎಂದರೆ ಸದಸ್ಯತ್ವ ಬೇಕಿಲ್ಲದ, ಬಹುಮಟ್ಟಿಗೆ ಊರ ಹೊರಗೆ ಹೆದ್ದಾರಿ ಅಥವಾ ಕೆರೆ ಪಕ್ಕದಲ್ಲಿ ಕುಟುಂಬವೊಂದು ನಡೆಸುವ ರಾತ್ರಿಯ ಊಟದ ಮನೆ. ಅತಿಥಿ ಮೊದಲು ಬಾರಿನಲ್ಲಿ ಕೂತು ಪಾನೀಯ ಹೀರುತ್ತ ಅಲ್ಲೇ ಊಟಕ್ಕೆ ಹೇಳಿ, ಕರೆದಾಗ ಮೇಜಿಗೆ ಹೋಗುತ್ತಾನೆ. ಮೂಲಂಗಿ, ಗಜ್ಜರಿ, ಉಪ್ಪಿನಕಾಯಿ, ಚೀಸಿನ ಮುದ್ದೆ ಇರುವ ತಟ್ಟೆ ಮೊದಲು ಬರುತ್ತದೆ. ಶುಕ್ರವಾರ ಮೀನು, ಶನಿವಾರ ಪ್ರೈಮ್ ರಿಬ್ ಎಂಬ ದನದ ಮಾಂಸ. ಊಟದ ಕೊನೆಗೆ ಐಸ್‌ಕ್ರೀಮ್ ಬೆರೆಸಿದ ಮದ್ಯ ಕುಡಿಯುವವರಿದ್ದಾರೆ. ಇಲ್ಲಿನ ಖಾಯಂ ಪಾನೀಯ ಬ್ರಾಂದಿ ಓಲ್ಡ್ ಫ್ಯಾಷನ್ಡ್. ಬೇರೆಡೆ ವಿಸ್ಕಿ ಹಾಕುವಲ್ಲಿ ಇಲ್ಲಿ ಬ್ರಾಂದಿ. ಸಕ್ಕರೆ, ಬಿಟರ್ಸ್, ಕಿತ್ತಳೆ ಹೋಳು, ಚೆರ್ರಿಗಳನ್ನು ಲೋಟದಲ್ಲಿ ಜಜ್ಜಿ, ಬ್ರಾಂದಿ ಸುರಿದು ಸೋಡಾ ತುಂಬುತ್ತಾರೆ. 2023ರಲ್ಲಿ ಇದನ್ನು ರಾಜ್ಯದ ಕಾಕ್‌ಟೇಲ್ ಎಂದು ಗೊತ್ತುಪಡಿಸುವ ಪ್ರಸ್ತಾವವೂ ಶಾಸನಸಭೆಯಲ್ಲಿ ಚರ್ಚೆಗೆ ಬಂತು.

ಬಾರು ಇಲ್ಲಿ ಊರ ಜಗುಲಿಯಿದ್ದಂತೆ. ತಂದೆ-ತಾಯಿ ಜತೆಗಿದ್ದರೆ ಅಪ್ರಾಪ್ತರಿಗೂ ಮದ್ಯ ಕೊಡಲು ಕಾನೂನು ಅಡ್ಡಿಯಿಲ್ಲ. ಮೊದಲ ಸಲ ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದರೆ ಅದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧ ಎನಿಸುವುದಿಲ್ಲ. ಈ ಸಡಿಲ ಕಾನೂನಿಗೂ ಅತಿಕುಡಿತದ ಸಮಸ್ಯೆಗೂ ಇರುವ ನಂಟು ರಾಜ್ಯದಲ್ಲಿ ಮುಗಿಯದ ಚರ್ಚೆ.

ಸಿಹಿ ತಿನಿಸು

ರಸೀನ್‌ನ ಡೆನ್ಮಾರ್ಕ್ ಮೂಲದ ಬೇಕರಿಗಳ 'ಕ್ರಿಂಗ್ಲ್' ಬೆಣ್ಣೆಯ ಪದರಪದರ ಹಿಟ್ಟಿನೊಳಗೆ ಬಾದಾಮಿ, ಪೆಕಾನ್ ಅಥವಾ ಹಣ್ಣು ತುಂಬಿದ ಅಂಡಾಕಾರದ ಬಳೆ. 2013ರಿಂದ ರಾಜ್ಯದ ಅಧಿಕೃತ ಪೇಸ್ಟ್ರಿ. ಮಿಲ್ವಾಕಿಯ 'ಫ್ರೋಜನ್ ಕಸ್ಟರ್ಡ್' ಐಸ್‌ಕ್ರೀಮಿಗಿಂತ ಮಂದ. ಕೇಂದ್ರ ನಿಯಮದಂತೆ ಇದರಲ್ಲಿ ಕನಿಷ್ಠ ಶೇ. 10 ಹಾಲಿನ ಕೊಬ್ಬು, ಶೇ. 1.4 ಮೊಟ್ಟೆಯ ಹಳದಿ ಇರಬೇಕು; ಗಾಳಿ ಕಡಿಮೆ ಸೇರಿಸುತ್ತಾರೆ. ಆಗಸ್ಟಿನ ರಾಜ್ಯ ಜಾತ್ರೆಯಲ್ಲಿ 1924ರಿಂದ ಮಾರುವ ಕೆನೆ ತುಂಬಿದ 'ಕ್ರೀಮ್ ಪಫ್' ವರ್ಷಕ್ಕೆ ಲಕ್ಷಗಟ್ಟಲೆ ಖರ್ಚಾಗುತ್ತದೆ.

ವರ್ಷಚಕ್ರ ಮತ್ತು ದಿನಚರಿ

ಹೈನು ಮನೆಯ ದಿನ ಬೆಳಗಿನ ನಾಲ್ಕೈದು ಗಂಟೆಗೆ ಶುರು. ದಿನಕ್ಕೆ ಎರಡು, ದೊಡ್ಡ ಹಟ್ಟಿಗಳಲ್ಲಿ ಮೂರು ಬಾರಿ ಕರೆಯುತ್ತಾರೆ. ಹಬ್ಬವಿರಲಿ, ಹಿಮಪಾತವಿರಲಿ ತಪ್ಪುವಂತಿಲ್ಲ. ಹಿಮ ಬಿದ್ದ ಬೆಳಗ್ಗೆ ಟ್ಯಾಂಕರು ಬರಲು ರಸ್ತೆ ತೆರವಾಗುವುದೇ ಮೊದಲ ಚಿಂತೆ. ಜೂನ್ ಹೈನು ಮಾಸ: ಒಂದೊಂದು ಕೌಂಟಿಯಲ್ಲಿ ಒಬ್ಬ ರೈತನ ಹೊಲದಲ್ಲಿ ಪೇಟೆಯವರಿಗೆಲ್ಲ ಪ್ಯಾನ್‌ಕೇಕ್, ಮೊಟ್ಟೆ, ಚೀಸ್, ಹಾಲು, ಐಸ್‌ಕ್ರೀಮಿನ ಬೆಳಗಿನ ಉಪಾಹಾರ. ಬೇಸಗೆಯ ಕೌಂಟಿ ಜಾತ್ರೆಗಳಲ್ಲಿ ಮಕ್ಕಳು ತಾವು ಸಾಕಿದ ಕರುಗಳನ್ನು ಪ್ರದರ್ಶನಕ್ಕೆ ತರುತ್ತಾರೆ.

ಶರತ್ಕಾಲ ಕ್ರ್ಯಾನ್‌ಬೆರಿ ಕೊಯ್ಲಿನದು. ದೇಶದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿನ ನಡುಭಾಗದ ಮರಳು ಜೌಗಿನದು. ಪಾತಿಗೆ ನೀರು ಕಟ್ಟಿ ಬಳ್ಳಿ ಬಡಿದರೆ ಒಳಗೆ ಗಾಳಿಯಿರುವ ಹಣ್ಣು ತೇಲುತ್ತದೆ. ಬೇಲಿಯಂಥ ತೇಲುಪಟ್ಟಿಯಿಂದ ಬಳಸಿ ಒಟ್ಟುಗೂಡಿಸುತ್ತಾರೆ. ಚಳಿಗಾಲದಲ್ಲಿ ಪಾತಿಯ ನೀರು ಹೆಪ್ಪುಗಟ್ಟಿದ ಮೇಲೆ ಮರಳು ಹರಡುತ್ತಾರೆ. ವಸಂತದಲ್ಲಿ ಅದು ಬೇರಿನ ಮೇಲೆ ತಾನೇ ಇಳಿಯುತ್ತದೆ.

ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನ ಒಂಬತ್ತು ದಿನ ಜಿಂಕೆ ಬೇಟೆ. ಐದು ಲಕ್ಷಕ್ಕೂ ಮಿಕ್ಕ ಜನ ಪರವಾನಗಿ ಪಡೆದು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಕಾಡಿಗಿಳಿಯುತ್ತಾರೆ. ಮಾಂಸ ಸಾಸೇಜಾಗಿ ವರ್ಷವಿಡೀ ಫ್ರೀಜರಿನಲ್ಲಿರುತ್ತದೆ. 2002ರಲ್ಲಿ ಜಿಂಕೆಗಳ ಮೆದುಳನ್ನು ಹಾಳುಗೆಡವುವ ಸೊರಗು ರೋಗ ಪತ್ತೆಯಾದ ಮೇಲೆ ಮಾಂಸ ಪರೀಕ್ಷೆಗೆ ಕಳಿಸುವುದು ವಾಡಿಕೆಗೆ ಬಂತು. ಕೆರೆಗಳು ಹೆಪ್ಪುಗಟ್ಟಿದಾಗ ಮಂಜಿನ ಮೇಲೆ ಗುಡಿಸಲಿಟ್ಟು ತೂತಿನಿಂದ ಗಾಳ ಹಾಕುತ್ತಾರೆ. ಫೆಬ್ರವರಿಯಲ್ಲಿ ವಿನ್ನಿಬೇಗೊ ಸರೋವರದಲ್ಲಿ ಸ್ಟರ್ಜನ್ ಮೀನನ್ನು ಈಟಿಯಿಂದ ತಿವಿದು ಹಿಡಿಯಲು ಕೆಲ ದಿನ ಅನುಮತಿಯಿದೆ.

1919ರಲ್ಲಿ ಹುಟ್ಟಿದ ಗ್ರೀನ್ ಬೇ ಪ್ಯಾಕರ್ಸ್ ಫುಟ್‌ಬಾಲ್ ತಂಡಕ್ಕೆ ಒಬ್ಬ ಒಡೆಯನಿಲ್ಲ. ಅದರ ಷೇರುಗಳು ಲಕ್ಷಾಂತರ ಸಾಮಾನ್ಯರ ಕೈಯಲ್ಲಿವೆ. ಪಂದ್ಯಕ್ಕೆ ಮುನ್ನ ಮೈದಾನದ ಹೊರಗೆ ಕಾರುಗಳ ಹಿಂದೆ ಒಲೆ ಹೂಡಿ ಬ್ರಾಟ್ ಸುಡುವುದು ಆಟದಷ್ಟೇ ಮುಖ್ಯ. ನೆರೆಯ ಇಲಿನಾಯ್‌ನವರು ಹೀಯಾಳಿಸಲು ಬಳಸುತ್ತಿದ್ದ 'ಚೀಸ್‌ಹೆಡ್' ಎಂಬ ಮಾತನ್ನು 1987ರಲ್ಲಿ ರಾಲ್ಫ್ ಬ್ರೂನೊ ಎಂಬಾತ ಸೋಫಾದ ಸ್ಪಂಜಿನಿಂದ ತ್ರಿಕೋನ ಟೊಪ್ಪಿ ಕತ್ತರಿಸಿ ತಲೆಗೇ ಇಟ್ಟುಕೊಂಡ. ಈಗ ಅದು ಅಭಿಮಾನಿಗಳ ಕಿರೀಟ.

ಇಂದಿನ ಸ್ಥಿತಿ

ಹಾಲಿನಲ್ಲಿ 1993ರಲ್ಲಿ ಕ್ಯಾಲಿಫೋರ್ನಿಯಾ ಮುಂದಾಯಿತು. ಚೀಸಿನಲ್ಲಿ ವಿಸ್ಕಾನ್ಸಿನ್ ಈಗಲೂ ಮೊದಲು, ದೇಶದ ಚೀಸಿನ ಸುಮಾರು ಕಾಲು ಭಾಗ ಇಲ್ಲಿನದು. ಹಸುಗಳ ಸಂಖ್ಯೆ 12-13 ಲಕ್ಷದಲ್ಲಿ ನಿಂತಿದೆ. ಹಟ್ಟಿಗಳು ಮಾತ್ರ ಕರಗುತ್ತಿವೆ. 2000ದ ದಶಕದ ಮಧ್ಯದಲ್ಲಿ 15,000ದಷ್ಟಿದ್ದ ಪರವಾನಗಿ ಪಡೆದ ಹಟ್ಟಿಗಳು ಈಗ 6,000ಕ್ಕಿಂತ ಕಡಿಮೆ. ಸಾವಿರಾರು ಹಸುಗಳ ದೊಡ್ಡ ಹಟ್ಟಿಗಳಿಂದ ಅಂತರ್ಜಲಕ್ಕೆ ಸಗಣಿ ಸೇರುವ ಪ್ರಶ್ನೆ, ವಿಶೇಷವಾಗಿ ಕಿವಾನಿ ಕೌಂಟಿಯಲ್ಲಿ, ಕಾವೇರಿದೆ.

ಹಾಲು ಕರೆಯುವವರಲ್ಲಿ ಬಹಳಷ್ಟು ಮಂದಿ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದವರು. ಕೇಂದ್ರ ಸರ್ಕಾರದ ಕೃಷಿ ಕಾರ್ಮಿಕ ವೀಸಾ ಹಂಗಾಮಿನ ಕೆಲಸಕ್ಕೆ ಮಾತ್ರ. ಹಾಲು ಕರೆಯುವುದು ವರ್ಷವಿಡೀ ಇರುವ ಕೆಲಸವಾದ್ದರಿಂದ ಅವರಲ್ಲಿ ಅನೇಕರಿಗೆ ದಾಖಲೆಯಿಲ್ಲ, ಚಾಲನಾ ಪರವಾನಗಿ ಪಡೆಯಲೂ ರಾಜ್ಯದ ಕಾನೂನು ಬಿಡುವುದಿಲ್ಲ.

ಸಣ್ಣ ತಯಾರಕರು ಅಗ್ಗದ ಚೆಡರ್ ಬಿಟ್ಟು ವಿಶೇಷ ಚೀಸಿನತ್ತ ತಿರುಗಿದ್ದಾರೆ. ಡಾಜ್‌ವಿಲ್ ಬಳಿಯ 'ಪ್ಲೆಸೆಂಟ್ ರಿಡ್ಜ್ ರಿಸರ್ವ್' 2001, 2005 ಮತ್ತು 2010ರಲ್ಲಿ ಅಮೆರಿಕನ್ ಚೀಸ್ ಸೊಸೈಟಿಯ ಅಗ್ರ ಪ್ರಶಸ್ತಿ ಪಡೆಯಿತು. ಮನ್ರೋದಲ್ಲಿ ತಯಾರಾದ ಚೀಸೊಂದು 2016ರ ವಿಶ್ವ ಸ್ಪರ್ಧೆಯಲ್ಲಿ ಗೆದ್ದಿತು. ಕ್ವೆಸೊ ಫ್ರೆಸ್ಕೊ, ವಹಾಕಾ ಮುಂತಾದ ಮೆಕ್ಸಿಕನ್ ಬಗೆಗಳನ್ನೂ ಇಲ್ಲಿನ ಕಾರ್ಖಾನೆಗಳು ಈಗ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತವೆ.